ಎಡಗಾಲಿನ ಮಾತು

ನಮ್ಮ ಡಾಕ್ಟರ್ ಬಾಯಿಯವರ ಎರಡೂ ಕೆನ್ನೆಗಳ ಮೇಲೆ, ಮೂಗಿನ ಪಕ್ಕದಿಂದ ಹೊರಟು ಕಿವಿಯ ಬುಡ ಮುಟ್ಟುವ ಒಂದೊಂದು ಗೆರೆ ಇತ್ತು. ವಯಸ್ಸಿನ ಸುಕ್ಕಲ್ಲ. ನೊಗ ಹೊತ್ತ ಎತ್ತಿನ ಹೆಗಲಿಗೆ ಜಡ್ಡು ಕಟ್ಟುವಂತೆ, ಮುಖಕ್ಕೆ ಕಟ್ಟುವ ಹಸಿರು ಬಟ್ಟೆಯ ಲಾಡಿ ವರ್ಷಗಟ್ಟಲೆ ಒತ್ತಿ ಮೂಡಿಸಿದ ಗುರುತು ಅದು. ಉಳಿದ ಡಾಕ್ಟರುಗಳು ಆಪರೇಷನ್ನಿಗೆ ಮಾತ್ರ ಕಟ್ಟಿಕೊಳ್ಳುವ ಆ ಬಟ್ಟೆಯನ್ನು ಇವರು ಬಸುರಿಯರ ಹೊಟ್ಟೆಯ ಸ್ಕ್ಯಾನಿಂಗ್ ಮಾಡುವಾಗಲೂ, ಗೋಕಾಕದ ಏಪ್ರಿಲ್ ತಿಂಗಳ ಧಗೆಯಲ್ಲೂ ಬಿಗಿದುಕೊಂಡೇ ಇರುತ್ತಿದ್ದರು. ರೋಗಾಣುವಿನ ಭಯದಿಂದಲ್ಲ, ರೋಗಿಯ ಜೊತೆಗೆ ಬಂದವರ ಭಯದಿಂದ. ಅವರ ಮುಖ ಕಂಡರೆ ಜನ ಅದನ್ನು ಓದಿಬಿಡುತ್ತಿದ್ದರು. ಬಾಯಿ ನಕ್ಕರೆ ಗಂಡು. ಹುಬ್ಬು ಗಂಟಿಕ್ಕಿದರೆ ಹೆಣ್ಣು. ಒಮ್ಮೆ ನೆಗಡಿಯಾಗಿ ಮೇಲಿಂದ ಮೇಲೆ ಎರಡು ಸಲ ಸೀನಿದ್ದಕ್ಕೆ ನಾಗನೂರಿನ ಕುಟುಂಬವೊಂದು ಬಡಿಗನ ಹತ್ತಿರ ಜೋಡಿ ತೊಟ್ಟಿಲು ಹೇಳಿಬಂದಿತ್ತಂತೆ.

ನಮ್ಮ ಕಡೆ ಹೆಣ್ಣು ಡಾಕ್ಟರಿಗೆ 'ಬಾಯಿ' ಎನ್ನುತ್ತಾರೆ. ಈ ಬಾಯಿಯವರು ಜೀವಮಾನದಲ್ಲಿ ಮಾಡಿದ ಮುಖ್ಯ ಸಾಧನೆಯೆಂದರೆ ಬಾಯಿ ಮುಚ್ಚಿಕೊಂಡಿದ್ದದ್ದು. ಅದನ್ನು ಅವರು ಒಂದೇ ಒಂದು ಸಲ ತೆರೆದರು. ಆ ಕಥೆ ಮುಂದೆ ಬರುತ್ತದೆ.

ತೊಂಬತ್ತರ ದಶಕದಲ್ಲಿ ಘನ ಸರ್ಕಾರದವರು, ಕೂಸು ಹುಟ್ಟುವ ಮೊದಲೇ ಹೆಣ್ಣೋ ಗಂಡೋ ಹೇಳುವುದು ಅಪರಾಧವೆಂದು ಕಾಯದೆ ತಂದರು. ಸ್ಕ್ಯಾನಿಂಗ್ ಯಂತ್ರ ಇದ್ದಲ್ಲೆಲ್ಲ ಬೋರ್ಡು ಹಾಕಬೇಕಾಯಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಅವರ ದವಾಖಾನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವನು. ಆದಕಾರಣ ಬೋರ್ಡಿನ ಸಾಹಿತ್ಯರಚನೆಯ ಹೊಣೆ ನನ್ನ ಮೇಲೆ ಬಿತ್ತು. 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಎಂದು ಶುದ್ಧ ವ್ಯಾಕರಣದಲ್ಲಿ ಬರೆದುಕೊಟ್ಟೆ. ಬೋರ್ಡು ಗೋಡೆಗೇರಿದ ವಾರದಲ್ಲೇ ಹಣೆತುಂಬ ವಿಭೂತಿಯ ಮುದುಕರೊಬ್ಬರು ಒಳಗೆ ಬಂದು ಕೈಮುಗಿದು ನಿಂತರು.

"ಬಾಯಾರ, ಹೊಳ್ಯಾಗ ಜಳಕಾ ಮಾಡುವಾಗ ಕೊರಳಾಗಿನ ಲಿಂಗ ಹೋತ್ರಿ. ನಿಮ್ಮಲ್ಲಿ ಪತ್ತೆ ಮಾಡಂಗಿಲ್ಲ ಅಂತ ಬರದೈತಿ. ಹಂಗಾರ ಎಲ್ಲಿ ಮಾಡ್ತಾರ, ಅಷ್ಟರ ಹೇಳಿ ಪುಣ್ಯಾ ಕಟಗೋರಿ."

ಬಾಯಿಯವರು ನಗಲಿಲ್ಲ. "ಮಠಕ್ಕ ಹೋಗ್ರಿ ಅಜ್ಜಾರ, ಅಲ್ಲಿ ಹೊಸಾದು ಕಟ್ಟತಾರ" ಎಂದು ದಾರಿ ತೋರಿಸಿ, ನನ್ನನ್ನು ಕರೆಕಳಿಸಿದರು. "ಮಾಸ್ತರ್ರ, ನಿಮ್ಮ ವ್ಯಾಕರಣ ಮಂದೀನ್ನ ದಾರಿ ತಪ್ಪಸಾಕತ್ತೈತಿ. ಹೆಣ್ಣು, ಗಂಡು ಅಂತ ಬರೀರಿ." ಪೇಂಟರ್ ಮತ್ತೊಮ್ಮೆ ಬರಬೇಕಾಯಿತು.

ಕಾಯದೆ ಬಂತು ಎಂದರೆ ಅದರ ಬಗಲಲ್ಲೇ ಒಳದಾರಿಯೂ ಬರುತ್ತದೆ. ಕೆಲವು ಕಡೆ ಯಂತ್ರದವರು ಬಾಯಿಬಿಟ್ಟು ಹೇಳದೆ, "ಪೇಢೆ ತರ್ರಿ" ಎನ್ನುತ್ತಿದ್ದರು, ಅದು ಗಂಡು. "ಜಿಲೇಬಿ ತಿನ್ನೂಣು" ಎಂದರೆ ಹೆಣ್ಣು. ಸೋಮವಾರ ಬಾ ಎಂದರೆ ಗಂಡು, ಶುಕ್ರವಾರ ಬಾ ಎಂದರೆ ಹೆಣ್ಣು. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅತ್ತೆಯರೆಲ್ಲ ಸಂಕೇತಶಾಸ್ತ್ರದಲ್ಲಿ ಪಾರಂಗತರಾಗಿದ್ದರು. ಅವರೆದುರು ನಮ್ಮ ಬಾಯಿಯವರು ಕಟ್ಟಿಕೊಂಡ ಕೋಟೆಯನ್ನು ನೋಡಬೇಕಿತ್ತು. ವಾರದ ಹೆಸರು ಹೇಳುತ್ತಿರಲಿಲ್ಲ, "ಹದಿನೈದು ದಿನಾ ಬಿಟ್ಟ ಬಾ" ಎನ್ನುತ್ತಿದ್ದರು. ದೀಪಾವಳಿಗೂ ದವಾಖಾನೆಯೊಳಗೆ ಸಿಹಿ ಬರುವಂತಿಲ್ಲ. ಅಂಬೆಗಾಲಿನ ಕೃಷ್ಣನ ಕ್ಯಾಲೆಂಡರಿಗೆ ನಿವೃತ್ತಿಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಬಲ ಮತ್ತು ಎಡ ಎಂಬ ಎರಡು ಶಬ್ದಗಳು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಕೂಸು ಬಲಕ್ಕಿದ್ದರೆ ಗಂಡು, ಎಡಕ್ಕಿದ್ದರೆ ಹೆಣ್ಣು ಎಂಬುದು ನಮ್ಮ ಕಡೆ ಕಾಯದೆಗಿಂತ ಹಳೆಯ ನಂಬಿಕೆ. "ಗ್ವಾಡಿ ಕಡೆ ಹೊರಳವಾ, ಈಗ ಖಿಡಕಿ ಕಡೆ ಹೊರಳು" ಎನ್ನುತ್ತಿದ್ದರು. ಯಾರಾದರೂ ಕಾಡಿದರೆ ಉತ್ತರ ಒಂದೇ: "ಕಂಡದ್ದ ಹೇಳ್ತೇನಿ. ಕೇಳಿದ್ದ ಹೇಳಂಗಿಲ್ಲ."

ಅವರು ಮೂಡಲಗಿಯ ಜೈನ ವ್ಯಾಪಾರಸ್ಥರ ಮನೆಯ ಮಗಳು. ಮನೆಯೊಳಗೆ ಅರ್ಧ ಮರಾಠಿ, ಅಂಗಡಿಯಲ್ಲಿ ಪೂರಾ ಕನ್ನಡ. ಸಿಟ್ಟು ಮಾತ್ರ ಇಂಗ್ಲಿಷಿನಲ್ಲಿ, ಅದೂ ವರ್ಷಕ್ಕೊಮ್ಮೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಬಿಡುವ ಸಿಗಲಿಲ್ರಿ" ಎನ್ನುತ್ತಿದ್ದರು, ಮತ್ತು ಅದು ಖರೆಯೂ ಇತ್ತು. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಸಂಜೆಯ ಹೊತ್ತಿಗೆ ಹೊರಗೆ ಎಷ್ಟೇ ಗದ್ದಲವಿರಲಿ, ಗಡಿಯಾರದ ಬದಲು ಕಿಟಕಿಯ ಬೆಳಕು ನೋಡಿ ಎದ್ದು, ಎರಡು ರೊಟ್ಟಿ ಮುರಿದು ತಿಂದು ಬರುತ್ತಿದ್ದರು. ಚಿಕ್ಕವರಿದ್ದಾಗ ಮುನಿಗಳೆದುರು ಸುಳ್ಳಾಡುವುದಿಲ್ಲವೆಂದು ನೇಮ ಹಿಡಿದಿದ್ದರಂತೆ. ನಾನು ಒಮ್ಮೆ, "ಡಾಕ್ಟರಕಿ ಮಾಡ್ಕೋತ ಸುಳ್ಳ ಹೇಳದ ಹೆಂಗ ನಡಸ್ತೀರಿ?" ಎಂದು ಕೇಳಿದ್ದೆ. "ಸುಮ್ಮ ಇರಾಕ ಬರತೈತಲ್ರಿ, ಅದಕ್ಕ ಪಗಾರ ಕೊಡಬೇಕಾಗಿಲ್ಲ" ಎಂದರು.

ನನ್ನ ಮನೆಯವಳು ಮಗಳು ಏಳನೆಯ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಳು. ಹೆಣ್ಣುಮಗುವಿಗೆ ತಿಳಿಸಬೇಕಾದ, ಆದರೆ ಅಪ್ಪ ಎಂಬ ಪ್ರಾಣಿಗೆ ಹೇಳಲು ಬಾರದ ಮಾತುಗಳನ್ನೆಲ್ಲ ಗೋಡೆಯಾಚೆಯಿಂದ ಬಂದು ಹೇಳಿದವರು ಅವರು. ಮಗಳ ಮದುವೆ ಹುಕ್ಕೇರಿ ತಾಲೂಕಿನ ಕಣಗಲಾದ ಹತ್ತಿರದ ಒಂದೂರಿನ ಒಕ್ಕಲು ಮನೆಗೆ ಆಯಿತು. ಕಬ್ಬು, ಎಮ್ಮೆ, ಜನ, ಎಲ್ಲ ತುಂಬಿದ ಮನೆ. ಅಳಿಯ ಒಳ್ಳೆಯವನು, ಅಂದರೆ ತಾಯಿ ಹೇಳಿದ್ದನ್ನು ಕೇಳುವವನು. ಚೊಚ್ಚಲು ಹೆಣ್ಣಾಯಿತು. ನಮ್ಮ ಬೀಗತಿ, ಮಗಳ ಅತ್ತೆ, "ಮೊದಲ ಲಕ್ಷ್ಮೀ ಬರ್ಲಿ" ಎಂದರು. ಮೊದಲು ಎಂಬ ಶಬ್ದವನ್ನು ಒತ್ತಿ ಹೇಳಿದರು.

ಎರಡನೆಯ ಬಸಿರು ಏಳು ತಿಂಗಳಿಗೆ ಬಂದಾಗ, ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ಮಗಳನ್ನು ಸ್ಕ್ಯಾನಿಂಗಿಗೆ ಗೋಕಾಕಕ್ಕೆ ಕರೆತಂದರು. ಒಳಗೆ ಮಂಚದ ಮೇಲೆ ಮಗಳು, ಬಾಜೂಕ್ಕೆ ಬೀಗತಿ. ನಾನು ಬಾಗಿಲ ಪರದೆಯ ಈಚೆಗೆ, ಸಂದಿನಿಂದ ಒಳಗೆ ಕಾಣುವಲ್ಲಿ. ಬಾಯಿಯವರು ಹೊಟ್ಟೆಯ ಮೇಲೆ ಯಂತ್ರದ ಕೈ ಆಡಿಸುತ್ತ ಹೋದವರು ನಿಲ್ಲಿಸಲೇ ಇಲ್ಲ. ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದರು. ಕಡೆಗೆ ಕೈ ಒರೆಸಿಕೊಂಡು, ಅದುವರೆಗೆ ಯಾರೂ ಕಂಡಿರದ ಒಂದು ಕೆಲಸ ಮಾಡಿದರು: ಮುಖದ ಬಟ್ಟೆ ಬಿಚ್ಚಿದರು. ಕೆಟ್ಟ ಸುದ್ದಿಯನ್ನು ಬಟ್ಟೆಯ ಮರೆಯಿಂದ ಹೇಳಬಾರದೆಂದು ಅವರಿಗೆ ಅನ್ನಿಸಿರಬೇಕು. ಬೀಗತಿ ಆ ಬಿಚ್ಚಿದ ಮುಖವನ್ನು ನೋಡಿ, ಆಗಲೇ ಅರ್ಧ ಓದಿ ಮುಗಿಸಿದ್ದರು.

"ಕಾಕೂ, ಕೂಸಿನ ಎಡಗಾಲಾಗ ತೊಂದರಿ ಐತಿ" ಎಂದರು ಬಾಯಿಯವರು.

ಇಷ್ಟು ವರ್ಷ ಬಾಯಲ್ಲಿ ಬಾರದಿದ್ದ ಶಬ್ದ ಬಂದೇಬಿಟ್ಟಿತು. ಬೇರೆ ದಾರಿ ಇರಲಿಲ್ಲ. ರೋಗ ಎಡಗಾಲಿನಲ್ಲೇ ಇತ್ತು.

"ತಿಳೀತ್ರಿ ಬಾಯಾರ" ಎಂದರು ಬೀಗತಿ.

"ಇಲ್ಲ, ಪೂರಾ ಕೇಳ್ರಿ. ತೊಡೀ ತುಂಬ, ಸೊಂಟದ ತನಕ, ರಕ್ತದ ನಾಳ ಬೇಕಾಬಿಟ್ಟಿ ಬೆಳದಾವ. ಒಣಗಿದ ಹೀರಿಕಾಯೊಳಗ ಜಾಳಿಗಿ ಇರತೈತಲ್ರಿ, ಹಂಗ. ಆ ಕಾಲು ಇನ್ನೊಂದಕಿಂತ ಎರಡ ಪಟ್ಟ ದಪ್ಪ ಐತಿ. ಅಷ್ಟೂ ನಾಳಕ್ಕ ರಕ್ತ ಹೊಡದು ಹೊಡದು ಕೂಸಿನ ಎದಿ ದಣೀತೈತಿ. ಭಾಳ ಅಪರೂಪದ ರೋಗ. ಪರದೇಶದ ಡಾಕ್ಟರಗೋಳ ಹೆಸರು ಇಟ್ಟಾರ ಅದಕ್ಕ, ನಾನೂ ಪುಸ್ತಕದಾಗ ಅಷ್ಟ ನೋಡೀನಿ."

"ಹೂಂನ್ರಿ. ಎಡಗಾಲು. ತಿಳೀತು ಅಂದ್ನೆಲ್ಲ." ಬೀಗತಿ ದನಿ ತಗ್ಗಿಸಿದರು. "ಇನ್ನ ಬಿಡಿಸಿ ಹೇಳಬ್ಯಾಡ್ರಿ. ಕಾಯದೆ ಐತಿ. ನಮ್ಮ ಸಲುವಾಗಿ ನಿಮಗ ತ್ರಾಸ ಆಗಬಾರದು."

"ಕಾಕೂ, ನಾ ಕಾಲಿನ ಮಾತ ಹೇಳಾಕತ್ತೇನಿ."

"ನಾನೂ ಕಾಲಿಂದ ಅಂತೀನ್ರಿ." ಹಾಗೆ ಹೇಳಿ ಒಂದು ಕಣ್ಣು ಮಿಟುಕಿಸಿದರು.

ಬಾಯಿಯವರು ಬೆಳಗಾವಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಹದಿನೈದು ದಿನಕ್ಕೊಮ್ಮೆ ಅಲ್ಲಿ ತೋರಿಸಬೇಕು. ಕೂಸಿನ ಮೈಯೊಳಗೆ ನೀರು ತುಂಬುತ್ತದೆಯೋ ಏನೋ ನೋಡಬೇಕು. ಹೆರಿಗೆ ಅಲ್ಲೇ, ಹೊಟ್ಟೆ ಕೊಯ್ದೇ, ರಕ್ತದ ಬಾಟಲಿ ಮತ್ತು ಮಕ್ಕಳ ಡಾಕ್ಟರು ತಯಾರಿರುವಾಗಲೇ ಆಗಬೇಕು. ಒಂದೊಂದು ಮಾತಿಗೂ ಬೀಗತಿ ತಲೆ ಅಲ್ಲಾಡಿಸಿದರು, ಚೀಟಿಯನ್ನು ಎಲೆಅಡಿಕೆಯ ಸಂಚಿಗೆ ತುರುಕಿದರು, ಸೊಸೆಯನ್ನು ಊರಿಗೆ ಕರೆದುಕೊಂಡು ಹೋದರು. ಸರಕಾರದ ಕಾಯದೆಗೆ ಗೌರವ ಕೊಟ್ಟು ಬಾಯಿಯವರು ಎಂಥ ನಾಜೂಕಾಗಿ ಹೆಣ್ಣೆಂದು ಹೇಳಿದರು ಎಂದು ದಾರಿಯುದ್ದಕ್ಕೂ ಹೊಗಳಿದರಂತೆ.

ವಾರದೊಳಗೆ ಒಂದು ಮಧ್ಯಾಹ್ನ ಮಗಳ ಫೋನು ಬಂತು. ಊರಿನ ಎಸ್‌ಟಿಡಿ ಬೂತಿನಿಂದ, ಗಡಿಬಿಡಿಯಲ್ಲಿ.

"ಅಪ್ಪಾ, ನಾಳಿ ನನ್ನ ಗಡಿ ಆಚಿಕಿನ ಒಂದೂರಿಗೆ ಕರ್ಕೊಂಡ ಹೋಗಾವ್ರದಾರ. ಅಲ್ಲಿ ಒಬ್ಬಾಂವ ಏಳ ತಿಂಗಳಾಗಿದ್ರೂ ತಗೀತಾನಂತ. ಅಪ್ಪಾ, ಬಾಯಾರು ಖರೇನ ಕಾಲಿಂದ ಹೇಳಿದ್ರೋ, ಹೆಣ್ಣಂತ ಹೇಳಿದ್ರೋ?"

ನಾನು ದವಾಖಾನೆಗೆ ಓಡಿದೆ. ಬಾಯಿಯವರು ಕೇಳಿ, ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, "ಆ ಕಾಲ ಅಡ್ಡ ಸಿಕ್ಕೊಂಡ್ರ ಗರ್ಭಚೀಲ ಹರೀತೈತಿ. ಅಂಥಾವನ ಕೈಯಾಗ ಇಕಿ ಉಳಿಯಂಗಿಲ್ಲ ಮಾಸ್ತರ್ರ. ಕೂಸಿನ ಮಾತ ಅಲ್ಲ, ನಿಮ್ಮ ಮಗಳ ಮಾತ" ಎಂದರು. ಸರದಿಯಲ್ಲಿ ಕುಳಿತಿದ್ದವರನ್ನು ಮನೆಗೆ ಕಳಿಸಿದರು. ಅವರ ಹಳೆಯ ಮಾರುತಿ ಕಾರಿನಲ್ಲಿ ಹುಕ್ಕೇರಿ, ಸಂಕೇಶ್ವರ ದಾಟಿ ಹೋದೆವು. ಅವರೇ ನಡೆಸಿದರು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಬೀಗತಿಗೆ ಬಾಯಿಯವರು ಬಂದದ್ದು ಸಂತೋಷವೇ, ಆದರೆ ಕಾರಣ ಕೇಳಿ ನಗು ಬಂತು.

"ನಿಮ್ಮದೇನೂ ಹೆಸರು ಬರಂಗಿಲ್ಲ ಬಾಯಾರ. ನೀವು ಎಡಗಾಲು ಅಂದ್ರಿ ಅಷ್ಟ."

"ಕಾಲ ಖರೇನ ಕೆಟ್ಟೈತ್ರಿ!"

"ಹೆಣ್ಣಂದ ಮ್ಯಾಲ ಕಾಲ ಹೆಂಗಿದ್ರ ಏನ್ರಿ? ಕಾಲ ಕೆಟ್ಟ ಹೆಣ್ಣು ಅಂದ್ರ ಇನ್ನೂ ಹಗರ ಆತು. ಬೆಳಗಾವಿಗೆ ಎಡತಾಕಿ, ಹೊಟ್ಟಿ ಕೊಯ್ಸಿ, ತಂದು ಮಾಡೋದೇನು? ಹೇಳ್ರಿ ಬೀಗರ, ನೀವ ಹೇಳ್ರಿ."

ನಾನು ಹೇಳಿದೆ. ಹೆಣ್ಣು ಕೊಟ್ಟವನ ಮಾತಿಗೆ ಆ ಪಡಸಾಲೆಯಲ್ಲಿ ಎಷ್ಟು ತೂಕವೋ ಅಷ್ಟೇ ತೂಗಿತು. ಅಳಿಯ ಉಗುರು ನೋಡಿಕೊಳ್ಳುತ್ತಿದ್ದ. ಮಗಳು ಅಡುಗೆಮನೆಯ ಹೊಸ್ತಿಲಲ್ಲಿ, ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿಯವರು ಅವಳನ್ನೇ ನೋಡುತ್ತಿದ್ದರು. ಮುಖಕ್ಕೆ ಬಟ್ಟೆಯಿರಲಿಲ್ಲ, ಆದರೂ ನನಗೆ ಏನೂ ಓದಲಾಗಲಿಲ್ಲ.

"ಗಂಡೈತ್ರಿ" ಎಂದರು.

ಹಿತ್ತಿಲಲ್ಲಿ ಎಮ್ಮೆ ಮೈ ಕೊಡವಿದ್ದು ಕೇಳಿಸಿತು.

"ಏನಂದ್ರಿ?"

"ಗಂಡ. ಕಾಯದೆ ಮುರದು ಹೇಳಾಕತ್ತೇನಿ. ಎಡಗಾಲ ದಪ್ಪಿದ್ದ ಗಂಡಕೂಸು. ಈಗರ ಬೆಳಗಾವಿಗೆ ಬರ್ತೀರೋ ಇಲ್ಲೋ?"

"ಖರೇನ?"

"ಖರೆ."

ಬೀಗತಿ ಎದ್ದು ಬಂದು ಬಾಯಿಯವರ ಕಾಲಿಗೆ ಬಿದ್ದರು. ಆಮೇಲೆ ನಡೆದದ್ದೆಲ್ಲ ಹಬ್ಬ. ಅಳಿಯನಿಗೆ ತಟ್ಟನೆ ಜೀವ ಬಂದು ಮೋಟಾರ್ ಸೈಕಲ್ ಹತ್ತಿ ಸಂಕೇಶ್ವರಕ್ಕೆ ಪೇಢೆ ತರಲು ಹೋದ. ಬಾಯಿಯವರು ಏಳಲು ನೋಡಿದರು. "ಬಾಯಿ ಸಿಹಿ ಮಾಡಿಕೊಳ್ಳದ ಹೆಂಗ ಹೊಕ್ಕೀರಿ? ಹಂಗ ಹ್ವಾದ್ರ ನಂಗ ಸಂಶೇ ಬರತೈತಿ ನೋಡ್ರಿ ಮತ್ತ" ಎಂದು ಬೀಗತಿ ನಗುತ್ತಲೇ ಕೈ ಹಿಡಿದು ಕೂರಿಸಿದರು. ಅಳಿಯ ಹಿಂದಿರುಗುವ ಹೊತ್ತಿಗೆ ಕಬ್ಬಿನ ಹೊಲದ ಮೇಲೆ ಕೆಂಪೂ ಉಳಿದಿರಲಿಲ್ಲ. ಬಾಯಿಯವರು ಅಭ್ಯಾಸಬಲದಿಂದ ಕಿಟಕಿಯತ್ತ ನೋಡಿದರು. ಬೆಳಕಿಲ್ಲ. ಬೀಗತಿ ಪೇಢೆಯನ್ನು ಅವರ ತುಟಿಯ ಹತ್ತಿರವೇ ಹಿಡಿದು ನಿಂತಿದ್ದರು. ಬಾಯಿಯವರು ಬಾಯಿ ತೆರೆದು ಅದನ್ನು ತಿಂದರು. ಪೂರ್ತಿ ತಿಂದರು. ಅವರ ಊಟದ ನೇಮ ಬಲ್ಲವರು ಆ ಮನೆಯಲ್ಲಿ ನಾನು, ನನ್ನ ಮಗಳು ಇಬ್ಬರೇ. ನಾವಿಬ್ಬರೂ ನೆಲ ನೋಡಿದೆವು.

ತಿರುಗಿ ಬರುವಾಗ ಅವರಾಗಿಯೇ ಕೇಳಿದರು: "ಮಾಸ್ತರ್ರ, ಸುಳ್ಳಿಗೆ ಕನ್ನಡದಾಗ ಎಷ್ಟ ಶಬ್ದ ಅದಾವ?"

ಶಬ್ದಗಳ ವಿಷಯ ಬಂದರೆ ನಾನು ಸಮಯ ಸಂದರ್ಭ ನೋಡುವವನಲ್ಲ. "ಹುಸಿ ಐತಿ, ಮಿಥ್ಯಾ ಐತಿ, ಅಸತ್ಯ, ಅನೃತ, ಸಟೆ..." ಎಂದು ಪಾಠ ಒಪ್ಪಿಸಿದೆ.

"ಎಲ್ಲಾ ಒಂದ ತೂಕದ್ದೇನು?"

ಕಾಯದೆ ಮುರಿದದ್ದಕ್ಕೆ ಅವರಿಗೆ ಸಂಕಟವಾಗಿದೆ ಎಂದುಕೊಂಡು ಸಮಾಧಾನ ಹೇಳಿದೆ. ಅವರು ಗೇರು ಬದಲಿಸಿದರು.

ಮುಂದಿನ ದಿನಗಳಲ್ಲಿ ನನ್ನ ಮಗಳು ಆ ಮನೆಯ ರಾಣಿಯಾದಳು. ಹುಟ್ಟಲಿರುವ ವಂಶೋದ್ಧಾರಕನ ಎಡಗಾಲಿಗಾಗಿ ಬೀಗತಿ ಸೋಮವಾರ ಒಪ್ಪತ್ತು ಹಿಡಿದರು. ಬೆಳಗಾವಿಗೆ ತಪ್ಪದೆ ಬಂದರು. ಪ್ರತಿ ಸಲವೂ ಬಾಯಿಯವರು ತಮ್ಮ ದವಾಖಾನೆ ಮುಚ್ಚಿ ಜೊತೆಗೆ ಹೋದರು. ಅಲ್ಲಿ ಅವರಿಗೆ ಕಲಿಸಿದ ಹಿರಿಯ ಡಾಕ್ಟರೊಬ್ಬರಿದ್ದರು. ಇಬ್ಬರೂ ಪರದೆಯ ಮೇಲಿನ ಕಪ್ಪು ಚುಕ್ಕೆಗಳನ್ನು ನೋಡುತ್ತ, ಕೂಸಿನ ಎದೆ ಎಷ್ಟು ದಣಿದಿದೆ, ಹೊಟ್ಟೆಯಲ್ಲಿ ನೀರು ಕಟ್ಟಿದೆಯೋ ಇಲ್ಲವೋ ಎಂದು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಬೀಗತಿ "ಅಂವ ಒದಿಯಾಕತ್ತಾನ" ಎನ್ನುವರು. ಬಾಯಿಯವರು "ಹೌದು, ಒದಿಯಾಕತ್ತೈತಿ" ಎನ್ನುವರು. ಕೂಸು ಎಂಬುದು ನಪುಂಸಕಲಿಂಗ, ವ್ಯಾಕರಣಕ್ಕೆ ಸರಿಯಾಗಿದೆ ಎಂದು ನಾನು ಮನಸ್ಸಿನಲ್ಲೇ ಅಂಕ ಕೊಟ್ಟಿದ್ದೆ. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳಿಗೂ 'ಬಂತು, ಹೋತು' ಎಂದೇ ಅನ್ನುವ ರೂಢಿ ಎಂಬುದು, ಮೂವತ್ತು ವರ್ಷ ಅದನ್ನೇ ಕಲಿಸಿದ ನನಗೆ, ಆಗ ನೆನಪಾಗಲಿಲ್ಲ.

ಎಂಟು ತಿಂಗಳು ತುಂಬುವ ಮೊದಲೇ ಕೂಸಿನ ಮೈಗೆ ನೀರು ಇಳಿಯತೊಡಗಿತು. ಇನ್ನು ಕಾಯುವಂತಿಲ್ಲವೆಂದು ಹೊಟ್ಟೆ ಕೊಯ್ದರು. ಮಗಳಿಗೆ ರಕ್ತ ನಿಲ್ಲಲಿಲ್ಲ. ಬಾಟಲಿಯ ಮೇಲೆ ಬಾಟಲಿ ಏರಿಸಿದರು, ಗರ್ಭಚೀಲ ತೆಗೆದರು, ಜೀವ ಉಳಿಸಿದರು. "ಈ ಹೆರಿಗಿ ಹಳ್ಳ್ಯಾಗ ಆಗಿದ್ರ ಎರಡೂ ಹೆಣಾ ಒಂದ ಸಲಕ್ಕ ಎತ್ತತಿದ್ರಿ" ಎಂದರು ಹಿರಿಯ ಡಾಕ್ಟರು. ಒಳಗಿನಿಂದ ಕೂಸನ್ನು ತಂದು ತೋರಿಸಿದ ನರ್ಸು, "ಹೆಣ್ಣುಮಗು" ಎಂದಳು.

ಎಡಗಾಲು ನೇರಳೆ ಬಣ್ಣಕ್ಕೆ ತಿರುಗಿ, ಉಬ್ಬಿ, ಆ ಪುಟ್ಟ ದೇಹಕ್ಕೆ ಯಾರದೋ ಕಾಲು ಅಂಟಿಸಿದಂತಿತ್ತು. ಬಲಗಾಲು ಎಲ್ಲ ಕೂಸುಗಳ ಕಾಲಿನ ಹಾಗೆಯೇ ಇತ್ತು. ಬೀಗತಿ ಕಾಲನ್ನು ನೋಡಲೇ ಇಲ್ಲ.

"ಇದು ನಮ್ಮದಲ್ಲ. ನಮ್ಮದು ಗಂಡು. ಬದಲಿ ಮಾಡ್ಯಾರ." ನರ್ಸಿನ ಸೆರಗು ಹಿಡಿದರು. "ನಮ್ಮ ಕೂಸ ಎಲ್ಲೈತಿ? ಯಾರಿಗೆ ಕೊಟ್ಟಿ? ಎಷ್ಟ ತಗೊಂಡಿ?"

ಮಂದಿ ಕೂಡಿದರು. ಆ ನರ್ಸು ಇಪ್ಪತ್ತರ ಹುಡುಗಿ, ಅಳತೊಡಗಿದಳು. ಪೊಲೀಸರನ್ನು ಕರೆಯಿರಿ ಎಂದು ಯಾರೋ ಕೂಗಿದರು. ಬಾಯಿಯವರು ಆಪರೇಷನ್ ಕೋಣೆಯಿಂದ ಹೊರಬಂದು ಬೀಗತಿಯ ಕೈಯನ್ನು ಆ ಸೆರಗಿನಿಂದ ಬಿಡಿಸಿದರು.

"ಬದಲಿ ಆಗಿಲ್ಲ ಕಾಕೂ. ಮೊದಲಿಂದ್ಲೂ ಹೆಣ್ಣ. ನಾನ ಸುಳ್ಳ ಹೇಳಿದ್ದೆ."

ಬೀಗತಿ ಅವರ ಮುಖ ನೋಡಿ ಹೇಳಿದರು: "ನನ್ನ ಕೈಲೆ ಪೇಢೆ ತಿಂದಿ."

"ತಿಂದೆ."

ಕೂಸು ಕೆಲವು ದಿನ ಇತ್ತು. ಆ ಕಾಲಿನ ಜಾಳಿಗೆಯೊಳಗೇ ರಕ್ತ ಹೆಪ್ಪುಗಟ್ಟಿ, ಮೈಯ ಉಳಿದ ಕಡೆ ಹೆಪ್ಪುಗಟ್ಟದೆ ಸೋರಿ, ಹೆಸರಿಡುವ ಮೊದಲೇ ಹೋಯಿತು. ಅತ್ತೆಯ ಮನೆಯವರು ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು. ಮಣ್ಣಿಗೆ ನಾನು, ಬಾಯಿಯವರು ಇಬ್ಬರೇ. ಹಾಸಿಗೆಯಲ್ಲಿ ಮಲಗಿದ್ದ ಮಗಳು ಅವರಿಗೆ, "ನನಗರ ಹೇಳಬೇಕಿತ್ತಲ್ರಿ" ಎಂದಳು. "ನಿನ್ನ ಮಾರಿ ಮ್ಯಾಲ ಎಲ್ಲಾ ಕಾಣತೈತಿ ತಂಗಿ. ಅವರು ಓದತಿದ್ರು" ಎಂದರು ಬಾಯಿಯವರು. ಮಗಳು ಗೋಡೆಯ ಕಡೆ ಹೊರಳಿದಳು. ಅವಳು ಮತ್ತೆ ಅತ್ತೆಯ ಮನೆಗೆ ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಗರ್ಭಚೀಲವಿಲ್ಲದ ಸೊಸೆ ಯಾವ ಲೆಕ್ಕ? ಒಳ್ಳೆಯ ಅಳಿಯ ತಾಯಿ ಹೇಳಿದಂತೆ ಇನ್ನೊಂದು ಮದುವೆಯಾದ. ಚೊಚ್ಚಲು ಮೊಮ್ಮಗಳು ತಾಯಿಯ ಜೊತೆಗೆ ನನ್ನ ಮನೆಗೆ ಬಂದಳು.

ಬೀಗತಿ ಸುಮ್ಮನಿರಲಿಲ್ಲ. ಗಂಡೆಂದು ಹೇಳಿ ಮೋಸ ಮಾಡಿದರೆಂದು ಮೇಲಿನವರಿಗೆ ತಕರಾರು ಕೊಟ್ಟರು. ಕಾಯದೆ ಎಂಬುದು ಬಹಳ ಗಂಭೀರ ಸ್ವಭಾವದ್ದು. ಹೇಳಿದ್ದು ಖರೆಯೋ ಸುಳ್ಳೋ ಎಂದು ಅದು ಕೇಳುವುದಿಲ್ಲ, ಹೇಳಿದಿರೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಪೇಢೆ, ಜಿಲೇಬಿ, ಸೋಮವಾರ, ಶುಕ್ರವಾರ ಎಂದು ಖರೆ ಹೇಳಿದವರೆಲ್ಲ ಆರಾಮವಾಗಿದ್ದ ಸೀಮೆಯಲ್ಲಿ, ಜೀವಮಾನದಲ್ಲಿ ಒಂದೇ ಸಲ, ಅದೂ ತಪ್ಪು ಹೇಳಿದವರ ಬಾಗಿಲಿಗೆ ಅಧಿಕಾರಿಗಳು ಬಂದರು. ಸಭ್ಯರೇ. ಯಂತ್ರಕ್ಕೆ ಬಿಳಿ ಬಟ್ಟೆ ಸುತ್ತಿ, ದಾರ ಬಿಗಿದು, ಅರಗು ಹಾಕಿದರು. ಸತ್ತವರಿಗೂ ಅಷ್ಟು ನೀಟಾಗಿ ಸುತ್ತುವುದಿಲ್ಲ. ನನ್ನನ್ನು ಸಾಕ್ಷಿಗೆ ಕರೆದರು. ಹಿಂದಿನ ಸಂಜೆ ನಾನು ಬಾಯಿಯವರ ಹತ್ತಿರ ಹೋಗಿ, ನನಗೇನೂ ಕೇಳಿಸಲಿಲ್ಲ ಎಂದು ಹೇಳುತ್ತೇನೆ ಎಂದೆ.

"ಬ್ಯಾಡ ಮಾಸ್ತರ್ರ. ಖರೆ ಹೇಳ್ರಿ. ಈ ವ್ಯವಹಾರಕ್ಕ ಒಂದ ಸುಳ್ಳ ಸಾಕು."

ಖರೆ ಹೇಳಿದೆ. ಅವರಿಗೆ ಯಂತ್ರ ಮುಟ್ಟುವ ಪರವಾನಗಿ ಹೋಯಿತು.

ವಿಚಿತ್ರವೆಂದರೆ, ಅದಾದ ಮೇಲೆ ದವಾಖಾನೆಗೆ ಜನ ಹೆಚ್ಚಾದರು. ಈ ಬಾಯಿಯೂ ಹೇಳುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಯಂತ್ರವಿಲ್ಲದಿದ್ದರೇನು, ಹೊಟ್ಟೆ ಮುಟ್ಟಿ ಹೇಳಲಿ. ಇನ್ನೂ ಜಾಣರು, "ಬಾಯಿ ಗಂಡಂದ್ರ ಹೆಣ್ಣು ಅಂತ ತಿಳ್ಕೋಬೇಕ, ಉಲ್ಟಾ ಹೇಳ್ತಾರ" ಎಂದು ಹೊಸ ಸಂಕೇತ ಕಂಡುಹಿಡಿದಿದ್ದರು. ಬಾಯಿಯವರು ಮುಖಕ್ಕೆ ಬಟ್ಟೆ ಕಟ್ಟುವುದನ್ನೇ ಬಿಟ್ಟರು. ಎದುರಿಗೆ ಬಂದವರು ಏನು ಕೇಳಿದರೂ ನೋಡುತ್ತ ಕೂಡುತ್ತಿದ್ದರು. ವರ್ಷದೊಳಗೆ ಬಾಗಿಲು ಹಾಕಿ ಮೂಡಲಗಿಯ ತಮ್ಮಂದಿರ ಮನೆಗೆ ಹೋದರು. ನಾನು ಬರೆದ ಬೋರ್ಡನ್ನು ಬಾಡಿಗೆಗೆ ಬಂದ ಹಾರ್ಡ್‌ವೇರ್ ಅಂಗಡಿಯವನು ತಿರುವಿಹಾಕಿ ಹಿಂಬದಿಯಲ್ಲಿ ಸಿಮೆಂಟಿನ ದರ ಬರೆಸಿದ.

ಕಡೆಯ ಸಲ ನೋಡಿದ್ದು ಅವರಿಗೆ ಅನ್ನ ಸೇರದಂತಾದಾಗ. ಅಂಗಡಿಯ ಮೇಲಿನ ಕೋಣೆ, ಬೆಳಗಿನ ಬಿಸಿಲು, ಕೆಳಗಿನಿಂದ ತಮ್ಮಂದಿರ ಮರಾಠಿ. ನಾನು ವರ್ಷಗಟ್ಟಲೆ ತಯಾರಿ ಮಾಡಿಕೊಂಡಿದ್ದ ಮಾತು ತೆಗೆದೆ: ನಿಮ್ಮಿಂದ ನನ್ನ ಮಗಳು ಉಳಿದಳು, ಆ ಸುಳ್ಳಿಗೆ ಪಾಪವಿಲ್ಲ, ಇತ್ಯಾದಿ. ಅವರು ಕೈಯೆತ್ತಿ ನಿಲ್ಲಿಸಿದರು.

"ನಿಮ್ಮ ಮಗಳ ಸಲುವಾಗಿ ಹೇಳಿದೆ. ಅದಕ್ಕ ನಂಗೇನೂ ಅನಸಂಗಿಲ್ಲ. ಆ ಕೂಸ ಉಳಿಯಂಗಿಲ್ಲ ಅಂತ ನಂಗ ಮೊದಲ ದಿನಾನ ಗೊತ್ತಿತ್ತು. ಇದ್ದಷ್ಟು ದಿನಾ ಅದನ್ನ ಅದಂತ ತಿಳಿಯೋ ಒಬ್ಬರರ ಇರಬೇಕಿತ್ತಲ್ರಿ. ನಾ ಗಂಡ ಅಂದೆ. ಎಲ್ಲಾರೂ ಇನ್ಯಾರನೋ ಕಾಯ್ಕೋತ ಕುಂತ್ರು. ಹೊಟ್ಟಿ ಮ್ಯಾಲ ಕೈ ಇಟ್ಟ ಅವ್ವನೂ ಇನ್ಯಾರನೋ ಮಾತಾಡ್ಸತಿದ್ಲು. ಅದು ಬಂದ್ರ, ಯಾರ ನೀ, ಅಂದಂಗಾತು."

ನಾನು ವ್ಯಾಕರಣ ಬಲ್ಲವನು, ಸಮಾನಾರ್ಥಕ ಪದಗಳನ್ನು ಬಲ್ಲವನು. ನೀರಿನ ತಂಬಿಗೆಯನ್ನು ಅವರ ಕೈಗೆಟಕುವಂತೆ ಇಟ್ಟು ಎದ್ದು ಬಂದೆ.

ಮುಂದಿನ ತಿಂಗಳು ಅವರು ತೀರಿಕೊಂಡರು. ಮಗಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿ, ಕೈಯ ಹಿಟ್ಟು ಒಣಗುವವರೆಗೂ ಹಾಗೇ ಕೂತಳು.

ಬದುಕಿರುವ ಮಗಳ ಋಣವನ್ನು ನಾನು ಎಲ್ಲರೆದುರೂ ಒಪ್ಪಿಕೊಳ್ಳುತ್ತೇನೆ, ಅದು ಸುಲಭ. ಇನ್ನೊಂದು ಋಣಕ್ಕೆ ಯಾರೂ ಸಾಕ್ಷಿಯಿಲ್ಲ. ಬೆಳಗಾವಿಗೆ ಎಡತಾಕಿದ ಆ ದಿನಗಳಲ್ಲಿ, ಅಜ್ಜಿ ಮೊಮ್ಮಗನನ್ನು ಕಾಯುತ್ತಿದ್ದಳು, ಅಪ್ಪ ಮಗನನ್ನು ಕಾಯುತ್ತಿದ್ದ, ನಾನೂ ಅವನನ್ನೇ ಕಾಯುತ್ತಿದ್ದೆ. ನನ್ನ ಮೊಮ್ಮಗಳು ಬರುತ್ತಿದ್ದಾಳೆಂದು ತಿಳಿದು, ಕತ್ತಲ ಕೋಣೆಯ ಪರದೆಯ ಮೇಲೆ ಅವಳನ್ನೇ ನೋಡುತ್ತ, ಅವಳನ್ನೇ ಕಾಯ್ದವರು, ಕೂಸಿನ ಎದೆಯನ್ನಷ್ಟೇ ನೋಡಿದ ಆ ಹಿರಿಯ ಡಾಕ್ಟರೆದುರೂ ತುಟಿ ಬಿಚ್ಚದ ಅವರೊಬ್ಬರೇ.